ಎರಡನೇ ಬುಧವಾರ ಅಮ್ಮ ಮನೇಲಿರಲ್ಲ!

ನಿಮ್ಮ ಅಮ್ಮನೋ ಅತ್ತೆಯೋ ನೌಕರಿಯಲ್ಲಿದ್ದು ನಿವೃತ್ತರಾದವರಾ? ಹಾಗಿದ್ದರೆ ಬೀಳ್ಕೊಡುಗೆಯ ದಿನ ನಿಮಗೆ ನೆನಪಿರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. 'ಇನ್ನೇನು ಮೇಡಂ, ಆರಾಮಾಗಿರಿ' ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಆಮೇಲೆ ಏನಾಯ್ತು? ತಿಂಗಳು ತುಂಬೋದರೊಳಗೆ ಮೊಮ್ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸೋದು, ಇಳಿಸಿಕೊಳ್ಳೋದು ಅವರ ಪಾಲಿಗೆ ಬಂತು. ಸಿಲಿಂಡರಿನವನು ಬರ್ತಾನೆ ಅಂದರೆ 'ಅಮ್ಮ ಮನೇಲೇ ಇರ್ತಾರಲ್ಲ'. ನೆಂಟರ ಗೃಹಪ್ರವೇಶಕ್ಕೆ ಎಲ್ಲರೂ ಹೊರಟರೆ ಮನೆ ಕಾಯೋದಕ್ಕೂ 'ಅಮ್ಮ ಇದ್ದಾರಲ್ಲ'. ಮೂವತ್ತು ಮೂವತ್ತೈದು ವರ್ಷ ಬೆಳಿಗ್ಗೆ ಓಡೋಡಿ ಬಸ್ ಹಿಡಿದ ಹೆಂಗಸಿಗೆ ಈಗ ಹೊಸ್ತಿಲು ದಾಟೋದಕ್ಕೆ ಒಂದು ನೆಪವೇ ಇಲ್ಲ!

ಗಂಡಸರ ವಿಷಯ ಹಾಗಲ್ಲ ನೋಡಿ. ನಿವೃತ್ತರಾದ ಮಾರನೇ ದಿನವೂ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಡುತ್ತಾರೆ. ಅರಳೀಕಟ್ಟೆ ಇದೆ, ಹೋಟೆಲಿನಲ್ಲಿ ಬೈಟು ಕಾಫಿ ಇದೆ, ಪೇಪರ್ ಓದೋಕೆ ಲೈಬ್ರರಿ ಇದೆ. 'ಎಲ್ಲಿಗೆ?' ಅಂತ ಅವರನ್ನು ಯಾರೂ ಕೇಳಲ್ಲ. ಹೆಂಗಸು ಹೊರಟರೆ ಮಾತ್ರ ಕಾರಣ ಬೇಕು. ದೇವಸ್ಥಾನ, ಮದುವೆ, ಆಸ್ಪತ್ರೆ ಈ ಮೂರರಲ್ಲಿ ಒಂದಾದರೂ ಇರಬೇಕು. 'ಸುಮ್ಮನೆ ಗೆಳತಿಯರ ಜೊತೆ ಊಟ ಮಾಡಿ ಬರ್ತೀನಿ' ಅನ್ನೋದು ಕಾರಣವೇ ಅಲ್ಲ ಅನ್ನೋ ಹಾಗಿದೆ ನಮ್ಮ ಮನೆಗಳ ಲೆಕ್ಕ.

ಆದರೆ ಅದೇ ಸರಿಯಾದ ಕಾರಣ ಅನ್ನೋದು ನನ್ನ ವಾದ. ತಿಂಗಳಿಗೆ ಒಂದೇ ಒಂದು ಮಧ್ಯಾಹ್ನ, ಜೊತೆಯಲ್ಲಿ ಕೆಲಸ ಮಾಡಿದ ನಾಲ್ಕೈದು ಜನ, ಬೇರೆಯವರು ಬೇಯಿಸಿ ಬಡಿಸಿದ ಬಿಸಿ ಬಿಸಿ ಊಟ. ಇಷ್ಟು ಮಾಡೋಕೆ ಏನೇನು ಬೇಕು, ಎಲ್ಲೆಲ್ಲಿ ಎಡವುತ್ತದೆ, ಸೊಸೆಯಾಗಿ ಮಗಳಾಗಿ ನೀವು ಏನು ಮಾಡಬಹುದು, ನೋಡೋಣ.

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳನ್ನೇ ತಗೊಳ್ಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಪನಿರ್ದೇಶಕರ ಕಚೇರಿ ಇರೋದು ಮಧುಗಿರಿಯಲ್ಲಿ. ಹಾಗಾಗಿ ಇಲ್ಲಿ ಟೀಚರ್ ಆಗಿದ್ದವರ ಸ್ನೇಹ ಒಂದೇ ಊರಿನದಲ್ಲ. ಪಾವಗಡದ ಗಡಿಯ ತೆಲುಗು ಮಾತಾಡೋ ಹಳ್ಳಿಯಲ್ಲಿ ಕೆಲಸ ಶುರು ಮಾಡಿದವರು ವರ್ಗಾವಣೆಯಾಗಿ ಶಿರಾಕ್ಕೆ ಬಂದಿರ್ತಾರೆ, ಅಲ್ಲಿಂದ ಕೊರಟಗೆರೆ ಹತ್ತಿರ ಇನ್ನೊಂದು ಶಾಲೆ. ಟ್ರೈನಿಂಗ್, ಜನಗಣತಿ, ಚುನಾವಣಾ ಡ್ಯೂಟಿ... ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರು, ಒಬ್ಬರ ಡಬ್ಬಿಯ ಚಿತ್ರಾನ್ನ ಇನ್ನೊಬ್ಬರು ತಿಂದವರು. ನಿವೃತ್ತಿಯಾದ ಮೇಲೆ ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಯಾವುದಾದರೂ ಮದುವೆ ಛತ್ರದಲ್ಲಿ ಅಕಸ್ಮಾತ್ ಸಿಕ್ಕರೆ 'ಒಂದಿನ ಸೇರೋಣ ಕಣೇ' ಅಂತಾರೆ. ಆ ಒಂದಿನ ಬರೋದೇ ಇಲ್ಲ.

ಯಾಕೆ ಬರಲ್ಲ ಅಂದರೆ, 'ಬಿಡುವಾದಾಗ' ಅಂದುಕೊಂಡಿರೋದಕ್ಕೆ. ಮನೆಯಲ್ಲಿರೋ ಹೆಂಗಸಿಗೆ ಬಿಡುವು ಅನ್ನೋದು ತಾನಾಗಿ ಸಿಗಲ್ಲ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿತ್ತು. ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡ್ತಾರೆ, ಗಂಡಸರು 97 ನಿಮಿಷ ಅಂತ ಬಂತು. ಅಂದರೆ ನಮ್ಮದು ಹತ್ತಿರ ಹತ್ತಿರ ಐದು ಗಂಟೆ, ಸಂಬಳವಿಲ್ಲದೆ! ನೌಕರಿಗೆ ನಿವೃತ್ತಿ ಆದೇಶ ಬರುತ್ತೆ, ಈ ಐದು ಗಂಟೆಗೆ ಬರಲ್ಲ. ಸಿಕ್ಕ ಪ್ರತಿ ಅರ್ಧ ಗಂಟೆಯನ್ನೂ ಮನೆ ನುಂಗುತ್ತದೆ. ಆದ್ದರಿಂದ ದಿನ ಗೊತ್ತು ಮಾಡಬೇಕು. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಬೇಕು, ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ.

ಯಾವ ದಿನ? ಭಾನುವಾರ ಮಕ್ಕಳು, ಮೊಮ್ಮಕ್ಕಳು, ನೆಂಟರು ಎಲ್ಲಾ ಮನೇಲಿ. ಸೋಮವಾರ ಕೆಲವರಿಗೆ ಒಪ್ಪತ್ತು. ಮಂಗಳವಾರ, ಶುಕ್ರವಾರ ಪೂಜೆ. ಗುರುವಾರ ರಾಯರು, ಸಾಯಿಬಾಬಾ. ಶನಿವಾರ ಶಾಲೆ ಬೇಗ ಬಿಡುತ್ತೆ, ಜೊತೆಗೆ ಶ್ರಾವಣ ಮಾಸದಲ್ಲಿ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಹೋಗಿಬರೋರಿಂದ ಆ ಕಡೆಯ ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇರಲ್ಲ. ಉಳಿದದ್ದು ಬುಧವಾರ ಒಂದೇ! ಎರಡನೇ ಬುಧವಾರ ಅಂದರೆ ಪಿಂಚಣಿಯೂ ಬಂದಿರುತ್ತೆ, ತಿಂಗಳ ಸಾಮಾನು ತಂದೂ ಆಗಿರುತ್ತೆ. ನಿಮಗೆ ಬೇರೆ ದಿನ ಒಗ್ಗಿದರೆ ಅದೇ ಇರಲಿ, ಆದರೆ ಗೊತ್ತು ಮಾಡಿದ ಮೇಲೆ ಮುಂದೂಡಬೇಡಿ. ಐವರಲ್ಲಿ ಇಬ್ಬರಿಗೆ ಬರೋಕಾಗದಿದ್ದರೆ ಮೂವರು ಊಟ ಮಾಡಿ. 'ಎಲ್ಲರೂ ಬಂದಾಗ ಸೇರೋಣ' ಅಂದರೆ ಮುಗೀತು, ಮತ್ತೆ ಮದುವೆ ಛತ್ರವೇ ಗತಿ. ಗುಂಪಿನಲ್ಲಿ ಶಿರಾದ ಉರ್ದು ಶಾಲೆಯ ಟೀಚರ್ ಇದ್ದರೆ ರಂಜಾನ್ ತಿಂಗಳಿನ ಊಟವನ್ನು ಹಬ್ಬ ಕಳೆದ ಮೇಲಿನ ವಾರಕ್ಕೆ ಹಾಕಿಕೊಳ್ಳಿ. ಏಕಾದಶಿ ಮಾಡೋರು ಇದ್ದರೆ ಪಂಚಾಂಗ ಒಂದು ಸಲ ನೋಡಿ. ಮುಂದೂಡಬಾರದು ಅನ್ನೋದಕ್ಕೆ ವಿನಾಯಿತಿ ಇವೆರಡೇ.

ದೂರದವರಿಗೆ ಹತ್ತಿರವಾಗೋ ಜಾಗ

ಮುಂದಿನ ಪ್ರಶ್ನೆ ಎಲ್ಲಿ ಅನ್ನೋದು. ಎಲ್ಲರ ಬಾಯಲ್ಲೂ ಮೊದಲು ಬರೋದು ತುಮಕೂರು. ದೊಡ್ಡ ಊರು, ಒಳ್ಳೇ ಹೋಟೆಲುಗಳು, ಊಟ ಮುಗಿಸಿ ಸೀರೆ ಅಂಗಡಿಗೂ ಹೋಗಬಹುದು. ಶಿರಾದವರಿಗೆ ಹೈವೇಯಲ್ಲಿ ನೇರ ದಾರಿ, ಕೊರಟಗೆರೆಯವರಿಗಂತೂ ಒಂದು ಗಂಟೆಯೊಳಗೆ. ಆದರೆ ಪಾವಗಡದ ಗೆಳತಿಯನ್ನು ನೆನೆಸಿಕೊಳ್ಳಿ. ಅವರ ಊರಿಂದ ತುಮಕೂರು ನೂರು ಕಿ.ಮೀ. ಹತ್ತಿರ. ಹೋಗೋಕೆ ಅಷ್ಟು, ಬರೋಕೆ ಅಷ್ಟು. ಮಂಡಿನೋವಿನ ಹೆಂಗಸು ಎರಡು ತಿಂಗಳು ಬರ್ತಾರೆ, ಮೂರನೇ ತಿಂಗಳು 'ಮೊಮ್ಮಗಳಿಗೆ ಜ್ವರ' ಅಂತಾರೆ. ಅದೇ ಮಧುಗಿರಿ ಆದರೆ ಅವರಿಗೆ 60 ಕಿ.ಮೀ. ಆಸುಪಾಸು, ಪಾವಗಡದಿಂದ ತುಮಕೂರಿಗೆ ಹೋಗೋ ಬಸ್ಸು ಹೇಗೂ ಮಧುಗಿರಿ, ಕೊರಟಗೆರೆ ಮೇಲೇ ಹಾದುಹೋಗುತ್ತದೆ. ಶಿರಾದಿಂದಲೂ ಮಧುಗಿರಿಗೆ ನೇರ ರಸ್ತೆ ಇದೆ. ಹೋಟೆಲ್ ಸ್ವಲ್ಪ ಸಾಧಾರಣ ಇರಬಹುದು, ಇರಲಿ. ಎಲ್ಲರಿಗಿಂತ ದೂರದಿಂದ ಬರೋರು ಯಾರೋ ಅವರನ್ನು ನೋಡಿಕೊಂಡು ಜಾಗ ಆರಿಸಿದ ಗುಂಪು ಬಾಳಿಕೆ ಬರುತ್ತೆ. ನೀವು ಬೆಂಗಳೂರಿನಲ್ಲಿದ್ದರೂ ಲೆಕ್ಕ ಇದೇ. ರಾಜಾಜಿನಗರದವರು ಮೂರು ಜನ ಇದ್ದಾರೆ ಅಂತ ರಾಜಾಜಿನಗರದಲ್ಲೇ ಸೇರಿದರೆ ಕೆಂಗೇರಿಯವರು ಬಿಟ್ಟುಹೋಗ್ತಾರೆ.

ಬಸ್ ಚಾರ್ಜಿನ ಮಾತು ಈಗ ಮೊದಲಿನಂತಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ. 'ದುಡ್ಡು ದಂಡ' ಅನ್ನೋ ಮಾತು ಆವತ್ತಿಗೇ ಬಿದ್ದುಹೋಯ್ತು. ಆದರೆ ಎರಡು ವಿಷಯ ನೆನಪಿಡಿ. ಆಧಾರ್ ಅಥವಾ ಇಲ್ಲಿನ ವಿಳಾಸವಿರೋ ಬೇರೆ ಗುರುತಿನ ಚೀಟಿ ಕೈಚೀಲದಲ್ಲಿರಲಿ. ಖಾಸಗಿ ಬಸ್ಸಿಗೆ ಇದು ಅನ್ವಯಿಸಲ್ಲ, ಪಾವಗಡ, ಮಧುಗಿರಿ ಕಡೆ ಖಾಸಗಿ ಬಸ್ಸುಗಳೂ ಸಾಕಷ್ಟಿವೆ. ಹತ್ತೋ ಮುಂಚೆ ನೋಡಿಕೊಳ್ಳಿ. ಬಿಟ್ಟಿ ಬಸ್ಸೇ ಬರಲಿ ಅಂತ ಬಿಸಿಲಲ್ಲಿ ಒಂದು ಗಂಟೆ ನಿಲ್ಲೋದೂ ಬೇಡ. ತಿಂಗಳಿಗೊಂದು ಸಲ ಟಿಕೆಟ್ ತಗೊಂಡರೆ ಮನೆ ಮುಳುಗಲ್ಲ!

ಹೋಟೆಲ್ ಆರಿಸೋವಾಗ ರುಚಿಗಿಂತ ಮೊದಲು ಟಾಯ್ಲೆಟ್ ನೋಡಿ. ನಗಬೇಡಿ, ಎಷ್ಟೋ ಹೆಂಗಸರು ಹೊರಗೆ ಹೊರಡದಿರೋದಕ್ಕೆ ಇದೊಂದೇ ಕಾರಣ. ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಸ್ ಹತ್ತಿ, ಸಾಯಂಕಾಲ ತಲೆನೋವು ಅಂತ ಮಲಗೋರು ಎಷ್ಟು ಜನ! ಮೆಟ್ಟಿಲು ಹತ್ತೋ ಹಾಗಿಲ್ಲದೆ ಕೆಳಗಡೆಯೇ ಕೂರೋ ಜಾಗ, ಕೂತು ಏಳೋಕಾಗೋ ಕಮೋಡ್, ಜೋರಾಗಿ ಟಿವಿ ಹಾಕದ ಮಾಲೀಕರು, ಇಷ್ಟಿದ್ದರೆ ಸಾಕು. ಒಂದರಿಂದ ಎರಡು ಗಂಟೆಯವರೆಗೆ ಎಲ್ಲಾ ಹೋಟೆಲಿನಲ್ಲೂ ರಶ್. ಎಲೆ ಎತ್ತೋದಕ್ಕೆ ಹುಡುಗ ಹಿಂದೆಯೇ ನಿಂತಿರ್ತಾನೆ. ಹನ್ನೆರಡೂವರೆಗೇ ಹೋಗಿ ಕೂತರೆ ಬಿಸಿಯೂ ಸಿಗುತ್ತೆ, ಮರ್ಯಾದೆಯೂ ಸಿಗುತ್ತೆ. ಶುಗರ್ ಇರೋರಿಗಂತೂ ಹೊತ್ತು ಮೀರಲೇಬಾರದು. ಊಟಕ್ಕೆ ಮೊದಲು ಮಾತ್ರೆ ನುಂಗಿ, ಇಂಜೆಕ್ಷನ್ ತಗೊಂಡು, ಬಸ್ ಕೆಟ್ಟು ಊಟ ತಡವಾದರೆ ಸಕ್ಕರೆ ಅಂಶ ಇಳಿದು ಕೈಕಾಲು ನಡುಗಿ ಬೆವರು ಬರುತ್ತೆ. ಊಟ ಕಣ್ಣ ಮುಂದೆ ಬಂದ ಮೇಲೇ ಆ ಮಾತ್ರೆ ತಗೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಚೀಲದಲ್ಲಿ ಗ್ಲೂಕೋಸ್ ಬಿಸ್ಕತ್ತು, ನಾಲ್ಕು ಸಕ್ಕರೆ ಚಾಕೊಲೇಟು ಇರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡೀತೀನಿ. ಮನೆಯಿಂದ ಅಡುಗೆ ಮಾಡಿಕೊಂಡು ಬರೋದು ಬೇಡ! 'ಒಬ್ಬೊಬ್ಬರು ಒಂದೊಂದು ಐಟಂ ತರೋಣ' ಅಂತ ಯಾರಾದರೂ ಹೇಳೇ ಹೇಳ್ತಾರೆ. ಕೇಳೋಕೆ ಚೆನ್ನಾಗಿರುತ್ತೆ. ಆಮೇಲೆ ನಾಲ್ಕೂವರೆಗೆ ಎದ್ದು ಒಬ್ಬಟ್ಟು ಬೇಯಿಸೋರು ಯಾರು? ಮನೆಯವರಿಗೆ ಬೇರೆ, ಗೆಳತಿಯರಿಗೆ ಬೇರೆ ಅಂತ ಎರಡು ಅಡುಗೆ. ಮುಂದಿನ ತಿಂಗಳು ಇನ್ನೊಬ್ಬರು ಅದಕ್ಕಿಂತ ಜೋರಾಗಿ ಮಾಡಿಕೊಂಡು ಬರಬೇಕು. ಈ ಹೆಂಗಸರ ಜೀವನ ನೋಡಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದು ಉಂಡವರು. ಶಾಲೆಯಲ್ಲೂ ಅಷ್ಟೇ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ಈ ಕಡೆಗೂ ಬಂತು. ಆಮೇಲಿನ ವರ್ಷಗಳಲ್ಲೆಲ್ಲಾ ಮಕ್ಕಳನ್ನು ಸಾಲಾಗಿ ಕೂರಿಸಿ, ತಟ್ಟೆ ನೋಡಿ, ಸಾರಿನ ಉಪ್ಪು ನೋಡಿ, ಆಮೇಲೆ ತಮ್ಮ ಆರಿದ ಡಬ್ಬಿ ಬಿಚ್ಚಿದ ಟೀಚರುಗಳು ಎಷ್ಟು ಜನ. ಅಂಥವರ ಮುಂದೆ ಒಂದು ದಿನ ಯಾರೋ ಎಲೆ ಹಾಕಿ, 'ಇನ್ನೊಂಚೂರು ಅನ್ನ ಹಾಕ್ಲೇನಮ್ಮಾ?' ಅಂತ ಕೇಳಬೇಕು. ಹುರುಳಿ ಬಸ್ಸಾರು ಮುದ್ದೆ ಆಗಲಿ, ಚಳಿಗಾಲದಲ್ಲಿ ಹಿದಕಿದ ಅವರೆಬೇಳೆ ಸಾರು ಆಗಲಿ, ಬರೀ ಅನ್ನ ತಿಳಿಸಾರು ಹಪ್ಪಳ ಆಗಲಿ. ಏನು ಅಡುಗೆ ಅನ್ನೋದು ಮುಖ್ಯ ಅಲ್ಲ. ಕೂತ ಜಾಗದಿಂದ ಏಳದೆ ಉಣ್ಣೋದು ಮುಖ್ಯ.

ಬಿಲ್ಲು ಬಂದಾಗ

ಐದು ಜನ ಗೆಳತಿಯರು ಅಂದರೆ ಐದು ಥರದ ಕೈ. 2006ರ ಏಪ್ರಿಲ್ 1ಕ್ಕೆ ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದ ಟೀಚರಿಗೆ ಹಳೇ ಪಿಂಚಣಿ. ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಅಂಗನವಾಡಿ ನಡೆಸಿದ ಗೆಳತಿಗೆ ಅಂಥ ಪಿಂಚಣಿ ಇಲ್ಲ. ಮೊದಲನೇ ಸಲ ಒಬ್ಬರು 'ಇವತ್ತು ನಂದು' ಅಂತ ಎಲ್ಲರ ಬಿಲ್ಲು ಕೊಡ್ತಾರೆ. ಎರಡನೇ ಸಲ ಇನ್ನೊಬ್ಬರು. ಮೂರನೇ ಸಲ ತನ್ನ ಸರದಿ ಅಂತ ಗೊತ್ತಾದ ಅಂಗನವಾಡಿ ಟೀಚರ್ ಬರೋದೇ ಇಲ್ಲ. ಕಾರಣವನ್ನೂ ಹೇಳಲ್ಲ. ಹಾಗಾಗಿ ಟ್ರೀಟು, ಸರದಿ ಎರಡೂ ಬೇಡ. ಹುಟ್ಟುಹಬ್ಬವಾದರೂ ಬೇಡ. ಅವರವರ ಊಟಕ್ಕೆ ಅವರವರೇ ಕೊಡೋದು, ಎಲ್ಲರ ಕೈಗೂ ಎಟುಕೋ ಹೋಟೆಲನ್ನೇ ಆರಿಸೋದು. ಆ ಗುಂಪಿನೊಳಗೆ ಚೀಟಿ, ಕೈಸಾಲ, ಒಡವೆ ಸ್ಕೀಮು, ಇನ್ಷೂರೆನ್ಸ್ ಏಜೆನ್ಸಿ ಯಾವುದನ್ನೂ ಬಿಡಬೇಡಿ. ಜಪಾನಿನ ಓಕಿನಾವಾ ದ್ವೀಪದಲ್ಲಿ 'ಮೋಯಿ' ಅಂತ ಸ್ನೇಹಿತರ ಗುಂಪುಗಳಿವೆ, ನಿಯಮಿತವಾಗಿ ಸೇರ್ತಾರೆ, ನಮ್ಮ ಚೀಟಿಯ ಥರ ದುಡ್ಡೂ ಹಾಕ್ತಾರೆ. ಅಲ್ಲಿ ನಡೆಯುತ್ತೆ, ಒಳ್ಳೇದೇ. ನಮ್ಮ ಕಡೆ ದುಡ್ಡು ಬಂದ ಕಡೆ ಸ್ನೇಹ ಎಷ್ಟು ದಿನ ಉಳಿಯುತ್ತೆ ಅಂತ ನಿಮಗೇ ಗೊತ್ತು.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ಪಿಂಚಣಿ ಬರೋದು ಅಮ್ಮನ ಹೆಸರಿಗೆ, ಎಟಿಎಂ ಕಾರ್ಡು ಮಗನ ಪರ್ಸಿನಲ್ಲಿ. ಎಷ್ಟು ಮನೆಗಳಲ್ಲಿ ಹೀಗಿದೆ ನೋಡಿ! ಊಟಕ್ಕೆ ಇನ್ನೂರು ರೂಪಾಯಿ ಬೇಕು ಅಂತ ಮಗನ ಮುಂದೆ ನಿಲ್ಲಬೇಕಾದ ನಿವೃತ್ತ ಹೆಡ್‌ಮಿಸ್ ಬಸ್ ಹತ್ತಲ್ಲ, 'ಯಾಕೋ ಮೈಗೆ ಹುಷಾರಿಲ್ಲ ಕಣೇ' ಅಂತ ಫೋನ್ ಮಾಡ್ತಾರೆ. ಕಾರ್ಡು ಅವರ ಕೈಗೆ ಕೊಡಿಸಿ. ಮೆಷಿನ್ ಹೇಗೆ ಬಳಸೋದು ಅಂತ ನೀವೇ ಒಂದೆರಡು ಸಲ ಜೊತೆಗೆ ಹೋಗಿ ತೋರಿಸಿ. ಪಿನ್ ನಂಬರು ಮಾತ್ರ ಕಾರ್ಡಿನ ಹಿಂದೆ ಬರೆದಿಡಬಾರದು!

ಇನ್ನು ಮಾತು. ಸೊಸೆಯ ಬಗ್ಗೆ ದೂರು ಇದ್ದೇ ಇರುತ್ತೆ, ಇರಲಿ. (ನೀವು ನಿಮ್ಮ ಗೆಳತಿಯರ ಹತ್ತಿರ ಅತ್ತೆಯ ಬಗ್ಗೆ ಹೇಳಲ್ವಾ?) ಕಾಯಿಲೆ, ಆಪರೇಷನ್, ಮಾತ್ರೆ ಇದ್ದೇ ಇರುತ್ತೆ. ಇದಕ್ಕೆಲ್ಲಾ ಸಾರು ಅನ್ನದವರೆಗೆ ಟೈಮು, ಮೊಸರಿಗೆ ಬಂದ ಮೇಲೆ ಬೇರೆ ಮಾತು ಅಂತ ತಮಾಷೆಗಾದರೂ ಒಂದು ಕಟ್ಟುಪಾಡು ಮಾಡಿಕೊಂಡರೆ ಚೆನ್ನ. ಹಳೇ ಇನ್‌ಸ್ಪೆಕ್ಷನ್ ಕಥೆ, ಯಾವ ಶಿಷ್ಯ ಎಲ್ಲಿದ್ದಾನೆ, ಯಾವ ಹುಡುಗಿ ಡಾಕ್ಟರ್ ಆದಳು... ಇಂಥದ್ದಕ್ಕೆ ಬರವೇ ಇಲ್ಲ. ತಿಂಗಳಿಡೀ ಅಜ್ಜಿ, ಅತ್ತೆ, ಅಮ್ಮ ಅನ್ನಿಸಿಕೊಂಡವರನ್ನು ಆ ಟೇಬಲ್ಲಿನಲ್ಲಿ ಮಾತ್ರ ಯಾರೋ 'ಏನೇ, ದಪ್ಪ ಆಗಿದೀಯಲ್ಲೇ' ಅಂತಾರೆ. ಆ 'ಏನೇ' ಕೇಳೋದಕ್ಕೇ 60 ಕಿ.ಮೀ. ಬರಬಹುದು.

ಗಂಡ ತೀರಿಕೊಂಡ ಗೆಳತಿಯರಿಗಂತೂ ಈ ಊಟದ ಬೆಲೆಯೇ ಬೇರೆ. ನಮ್ಮ ಹೆಂಗಸರ ಸಮಾರಂಭಗಳನ್ನು ನೋಡಿ. ವರಮಹಾಲಕ್ಷ್ಮಿ, ಗೌರಿ ಬಾಗಿನ, ಸೀಮಂತ, ಅರಿಶಿನ ಕುಂಕುಮ. ಎಲ್ಲದರಲ್ಲೂ ಮುತ್ತೈದೆಯರು ಮುಂದೆ, ಆಕೆ ಅಡುಗೆಮನೆ ಬಾಗಿಲಲ್ಲಿ. ಎಷ್ಟೋ ಕಡೆ ಕರೆಯೋದೂ ಇಲ್ಲ. 'ಪಾಪ, ಅವರಿಗೇ ಬೇಜಾರಾಗುತ್ತೆ' ಅಂತ ನಾವೇ ತೀರ್ಮಾನ ಮಾಡಿಬಿಡ್ತೀವಿ. ಹೋಟೆಲಿನ ಊಟಕ್ಕೆ ಮುತ್ತೈದೆ ಪಂಕ್ತಿ ಇಲ್ಲ. ಐವರೂ ಒಂದೇ ಸಾಲು. ಆದ್ದರಿಂದ ದಯವಿಟ್ಟು ಯಾರೂ ಬ್ಯಾಗಿನಿಂದ ಕುಂಕುಮದ ಭರಣಿ ತೆಗೀಬೇಡಿ, ಬ್ಲೌಸ್ ಪೀಸ್ ಹಂಚಬೇಡಿ. ಹೂವು ತಂದರೆ ಐವರಿಗೂ ತನ್ನಿ, ಮುಡಿಯೋದು ಬಿಡೋದು ಅವರಿಷ್ಟ.

ಒಂಟಿತನ ಅನ್ನೋದು ಬರೀ ಮನಸ್ಸಿನ ಕೊರಗಲ್ಲ ಅಂತ ಈಗ ದೊಡ್ಡ ಡಾಕ್ಟರುಗಳೂ ಒಪ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಮರೆವಿನ ಕಾಯಿಲೆ ಇವೆಲ್ಲಕ್ಕೂ ಅದರ ನಂಟಿದೆಯಂತೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಿಂದ ನಡೆದುಬಂದಿರೋ ಅಧ್ಯಯನವೂ ಇಳಿವಯಸ್ಸಿನ ಆರೋಗ್ಯಕ್ಕೆ ಒಳ್ಳೇ ಸಂಬಂಧಗಳು ಬೇಕು ಅನ್ನುತ್ತೆ. ಶುರುವಿನಲ್ಲಿ ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಬಿಡಿ!

ಈಗ ನಿಮ್ಮ ಪಾಲು. ಅಮ್ಮನನ್ನು ಪಾವಗಡದಿಂದಲೋ ಶಿರಾದಿಂದಲೋ ಬೆಂಗಳೂರಿನ ಫ್ಲ್ಯಾಟಿಗೆ ಕರೆಸಿಕೊಂಡಿದ್ದೀರಿ ಅಂದುಕೊಳ್ಳಿ. ಮಗುವನ್ನು ನೋಡಿಕೊಳ್ಳೋಕೆ ಜನ ಆಯ್ತು, ಅಮ್ಮನಿಗೂ ಆಸರೆ ಆಯ್ತು ಅಂತ ನಿಮ್ಮ ಲೆಕ್ಕ. ಆದರೆ ಅವರ ಗೆಳತಿಯರೆಲ್ಲಾ ಅಲ್ಲೇ ಉಳಿದರು. ಲಿಫ್ಟಿನಲ್ಲಿ ಸಿಗೋರ ಭಾಷೆ ಬೇರೆ, ವಯಸ್ಸು ಬೇರೆ. ಅಂಥವರಿಗೆ ಪ್ರತಿ ತಿಂಗಳು ಮಧುಗಿರಿಗೆ ಹೋಗಿಬರೋದು ಕಷ್ಟ. ಎರಡು ಮೂರು ತಿಂಗಳಿಗೊಮ್ಮೆಯಾದರೂ ಹಿಂದಿನ ದಿನವೇ ಊರಿಗೆ ಕಳಿಸಿ, ಎರಡು ರಾತ್ರಿ ಇದ್ದು ಬರಲಿ. ಆ ಎರಡು ದಿನ ಮಗುವನ್ನು ವ್ಯಾನಿನಿಂದ ಇಳಿಸಿಕೊಳ್ಳೋರು ಯಾರು ಅನ್ನೋದನ್ನು ನೀವೂ ನಿಮ್ಮ ಯಜಮಾನರೂ ಕೂತು ಮೊದಲೇ ತೀರ್ಮಾನ ಮಾಡಿ. ಅಮ್ಮನನ್ನೇ 'ನೀವು ಹೋದರೆ ಪಾಪೂಗೆ ಏನು ಮಾಡೋದು?' ಅಂತ ಕೇಳಿದರೆ ಅವರು ಖಂಡಿತ ಹೋಗಲ್ಲ.

ಅತ್ತೆ ಜೊತೆಗೇ ಇರೋದಾದರೆ ಎರಡನೇ ಬುಧವಾರ ನಿಮ್ಮ ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಅವರು ಹೊರಡೋವಾಗ 'ಎಷ್ಟು ಹೊತ್ತಿಗೆ ಬರ್ತೀರಾ?' ಅನ್ನೋದಕ್ಕಿಂತ 'ಮೊಬೈಲ್ ಚಾರ್ಜ್ ಇದೆಯಾ?' ಅಂತ ಕೇಳಿ. ಸಾಯಂಕಾಲ ಬಂದಾಗ ಪಾತ್ರೆಗಳು ಸಿಂಕಿನಲ್ಲಿ ಅವರಿಗಾಗಿ ಕಾಯ್ತಾ ಇರಬಾರದು. ಅಂದಹಾಗೆ, ನೀವು ಯಾವತ್ತೂ ನೌಕರಿ ಮಾಡಿಲ್ಲ, ನಿಮಗೆ ನಿವೃತ್ತಿಯೂ ಇಲ್ಲ ಅಂದರೆ ಅರವತ್ತು ತುಂಬಲಿ ಅಂತ ಕಾಯೋದು ಬೇಡ. ಕಾಲೇಜಿನ ಗೆಳತಿಯರ ನಂಬರು ಈಗಲೇ ಹುಡುಕಿ. ವಾಟ್ಸ್‌ಆ್ಯಪ್‌ನಲ್ಲಿ ದಿನಾ ಗುಡ್ ಮಾರ್ನಿಂಗ್ ಗುಲಾಬಿ ಕಳಿಸೋದನ್ನು ಭೇಟಿ ಅಂತ ಲೆಕ್ಕಕ್ಕೆ ಹಿಡೀಬೇಡಿ.

ವರ್ಷಕ್ಕೊಮ್ಮೆ ಬೇಕಿದ್ದರೆ ಜಾಗ ಬದಲಾಯಿಸಬಹುದು. ಗೊರವನಹಳ್ಳಿಯ ಮಹಾಲಕ್ಷ್ಮಿ ಕೊರಟಗೆರೆ ತಾಲ್ಲೂಕಿನಲ್ಲೇ ಇದ್ದಾಳೆ, ಶುಕ್ರವಾರದ ರಶ್ ಬಿಟ್ಟು ಹೋಗಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಕಾಲ ನೋಡಿಕೊಂಡು ಹೋದರೆ ಮೊಮ್ಮಕ್ಕಳಿಗೆ ಹೇಳೋಕೆ ಒಂದು ಕಥೆಯಾಯ್ತು.

ಇಷ್ಟೆಲ್ಲಾ ಆಗಿ ಎರಡು ಮೂರು ವರ್ಷ ಸರಿಯಾಗಿ ನಡೆದ ಮೇಲೆ ಬರೋ ಕಷ್ಟ ಒಂದಿದೆ. ಗುಂಪಿನಲ್ಲಿ ಒಬ್ಬರು ಕಾಲು ಮುರಿದುಕೊಳ್ತಾರೆ, ಇಲ್ಲವೇ ಪಾರ್ಶ್ವವಾಯು ಆಗಿ ಮಂಚ ಹಿಡೀತಾರೆ. ಉಳಿದವರಿಗೆ ಊಟಕ್ಕೆ ಕೂರೋಕೇ ಮುಜುಗರ, 'ಅವಳಿಲ್ಲದೆ ನಾವು ಹೇಗೆ ನಕ್ಕೊಂಡು ತಿನ್ನೋದು' ಅಂತ ಎಲ್ಲರೂ ನಿಲ್ಲಿಸಿಬಿಡ್ತಾರೆ. ನಿಲ್ಲಿಸಬೇಡಿ. ಕೊರಟಗೆರೆಯ ಗೆಳತಿ ಮಲಗಿದ್ದಾರೆ ಅಂದರೆ ಆ ತಿಂಗಳು ಮಧುಗಿರಿಯಲ್ಲಿ ಊಟ ಕಟ್ಟಿಸಿಕೊಂಡು ಕೊರಟಗೆರೆಗೆ ಬಸ್ ಹತ್ತಿ. ಆ ಮನೆಯ ಸೊಸೆಗೆ ಹಿಂದಿನ ದಿನವೇ ಫೋನ್ ಮಾಡಿ, 'ನೀನು ಕಾಫಿ ಕೂಡ ಇಡಬೇಡಮ್ಮ, ಫ್ಲಾಸ್ಕಿನಲ್ಲಿ ತರ್ತೀವಿ' ಅಂತ ಹೇಳಿಬಿಡಿ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಅಲ್ಲೇ ಉಣ್ಣಿ. ಒಂದೂವರೆ ಗಂಟೆಗಿಂತ ಹೆಚ್ಚು ಕೂರಬೇಡಿ, ರೋಗಿಗೆ ಆಯಾಸ ಆಗುತ್ತೆ. ಸಾರನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಬೇಡಿ, ಬಸ್ಸಿನಲ್ಲಿ ಒಡೆದು ಸೀರೆಯೆಲ್ಲಾ ಹಾಳು. ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿ ಒಂದನ್ನು ಮನೆಯಿಂದ ತಗೊಂಡು ಹೋಗಿ.